ಲ್ಯಾಪ್‌ಟಾಪಿನ ಪರದೆ ಕೆಟ್ಟಾಗ ಮೊದಲು ಏನು ನೋಡಬೇಕು?

(ಗ್ರಾಮಸಭೆಯೊಂದರಲ್ಲಿ ಮಾಡಿದ ಭಾಷಣ)



ಬಿತ್ತನೆ, ಗೊಬ್ಬರ, ದನಕರುಗಳ ವಿಷಯ ಕೇಳಿ ರೂಢಿಯಾಗಿರುವ ತಮಗೆ ಇಂದಿನ ವಿಷಯ ಸ್ವಲ್ಪ ಹೊಸದೆನಿಸಬಹುದು. ಆದರೆ ಈಗ ನಮ್ಮ ಹಳ್ಳಿಗಳ ಅನೇಕ ಮನೆಗಳಿಗೆ ಲ್ಯಾಪ್‌ಟಾಪು ಬಂದಿದೆ. ಕಾಲೇಜಿಗೆ ಹೋಗುವ ಮಕ್ಕಳ ಪಾಠಕ್ಕೆ ಅದು ಬೇಕು. ವಿದ್ಯಾರ್ಥಿವೇತನದ ಅರ್ಜಿ ತುಂಬಲು, ಪಹಣಿ ನೋಡಲು, ಸಂಘದ ಲೆಕ್ಕ ಬರೆಯಲು ಬೇಕು. ಅದಕ್ಕೆ ಕೊಟ್ಟ ಹಣವೂ ಕಡಿಮೆಯದಲ್ಲ. ಒಂದು ಹಸು ಕೊಳ್ಳುವಷ್ಟು ಹಣ. ಹಸು ಮೇವು ಬಿಟ್ಟರೆ ಮೊದಲು ಏನು ನೋಡಬೇಕೆಂದು ನಮಗೆಲ್ಲರಿಗೂ ಗೊತ್ತು. ಲ್ಯಾಪ್‌ಟಾಪಿನ ಪರದೆ ಕಪ್ಪಾದರೆ ಏನು ನೋಡಬೇಕೆಂದು ಗೊತ್ತಿಲ್ಲ. ಇದು ಗೊತ್ತಿಲ್ಲದೆ ನಾನೇ ಹಣ ಕಳೆದುಕೊಂಡಿದ್ದೇನೆ. ಮೊದಲು ಅದನ್ನೇ ತಮ್ಮ ಮುಂದೆ ಹೇಳುತ್ತೇನೆ.

ನನ್ನ ಮಗಳು ಪದವಿ ತರಗತಿಯಲ್ಲಿ ಓದುತ್ತಿದ್ದಳು. ಒಂದು ಸಂಜೆ ಬರೆಯುತ್ತ ಕುಳಿತಿದ್ದಾಗ ಪರದೆ ತಟ್ಟನೆ ಕಪ್ಪಾಯಿತು. ಗುಂಡಿ ಒತ್ತಿದಾಗ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. ಎಲ್ಲೋ ಬೀಳಿಸಿದ್ದೀಯೆ ಎಂದು ಅವಳನ್ನು ಗದರಿಸಿದೆ. "ಬೀಳಿಸಿಲ್ಲ ಅಪ್ಪಾ" ಎಂದಳು. ನಾನು ನಂಬಲಿಲ್ಲ. ಮರುದಿನ ಪೇಟೆಯ ಅಂಗಡಿಯೊಂದಕ್ಕೆ ಒಯ್ದೆ. ಅವರು ನನ್ನ ಮಾತು ಕೇಳಿ, ಪರದೆ ಹೋಗಿದೆ, ಹೊಸದು ಹಾಕಬೇಕು ಎಂದರು. ಶೇಂಗಾ ಮಾರಿ ಬಂದಿದ್ದ ಹಣದಲ್ಲಿ ಆರು ಸಾವಿರ ರೂಪಾಯಿ ಎಣಿಸಿ ಕೊಟ್ಟು ಹಾಕಿಸಿದೆ. ಅಂಗಡಿಯಲ್ಲಿ ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಮನೆಗೆ ತಂದ ಸಂಜೆಯೇ ಹೊಸ ಪರದೆಯೂ ಕಪ್ಪಾಯಿತು. ಕಾರಣ ಏನಿತ್ತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅಷ್ಟರೊಳಗೆ ತಾವೇ ಊಹಿಸಿದರೆ ಸಂತೋಷ.

ತೋಟದಲ್ಲಿ ಪಂಪ್‌ಸೆಟ್ಟು ನೀರೆತ್ತದಿದ್ದರೆ ನಾವು ಕೂಡಲೆ ಹೊಸ ಬಾವಿ ತೋಡುವುದಿಲ್ಲ. ಕರೆಂಟು ಇದೆಯೇ ನೋಡುತ್ತೇವೆ. ಫ್ಯೂಸು ನೋಡುತ್ತೇವೆ, ಸ್ಟಾರ್ಟರು ನೋಡುತ್ತೇವೆ. ಮೋಟಾರು ತಿರುಗುತ್ತಿದ್ದರೆ ಫುಟ್‌ವಾಲ್ವ್ ನೋಡುತ್ತೇವೆ. ಸುಲಭವಾದದ್ದು, ಖರ್ಚಿಲ್ಲದ್ದು ಮೊದಲು. ಕಷ್ಟದ್ದು, ಖರ್ಚಿನದು ಆಮೇಲೆ. ಲ್ಯಾಪ್‌ಟಾಪಿಗೂ ಇದೇ ಕ್ರಮ. ತಪ್ಪು ಎಲ್ಲಿದೆಯೆಂದು ತಿಳಿಯುವ ಮೊದಲು ಹಣ ಕೊಡಬಾರದು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ಪರದೆಯೊಳಗೆ ಏನಿದೆ?

ಲ್ಯಾಪ್‌ಟಾಪಿನ ಮುಚ್ಚಳದಲ್ಲಿರುವ ಸಾಮಾನ್ಯ ಪರದೆಯನ್ನು ಎಲ್‌ಸಿಡಿ ಎನ್ನುತ್ತಾರೆ. ಎರಡು ತೆಳು ಗಾಜುಗಳ ನಡುವೆ ದ್ರವಸ್ಫಟಿಕವೆಂಬ ವಸ್ತು ಇರುತ್ತದೆ. ಅದು ತಾನಾಗಿ ಬೆಳಕು ಕೊಡುವುದಿಲ್ಲ. ಹಿಂದೆ ಒಂದು ದೀಪದ ಸಾಲು ಉರಿಯುತ್ತದೆ. ದ್ರವಸ್ಫಟಿಕವು ಕಿಟಕಿಯ ಪಟ್ಟಿಗಳಂತೆ ಆ ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಹೀಗೆ ಚಿತ್ರ ಮೂಡುತ್ತದೆ. ೧೯೨೦ ಅಡ್ಡ, ೧೦೮೦ ಉದ್ದದ ಪರದೆಯೊಂದರಲ್ಲಿ ೨೦ ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆ. ಚಿತ್ರವನ್ನು ಕಳಿಸುವುದು ಕೆಳಗಿನ ಯಂತ್ರದಲ್ಲಿರುವ ಹಲಗೆ. ಅಲ್ಲಿಂದ ಒಂದು ತೆಳುವಾದ ತಂತಿ ಮುಚ್ಚಳದ ಕೀಲಿನ ಮೂಲಕ ಹಾದು ಪರದೆಗೆ ಬರುತ್ತದೆ.

ಆದ್ದರಿಂದ ತಪ್ಪು ಇರಬಹುದಾದ ಜಾಗಗಳು ನಾಲ್ಕು: ಹಿಂದಿನ ದೀಪ, ಮುಂದಿನ ಗಾಜು, ಕೀಲಿನ ತಂತಿ, ಕೆಳಗಿನ ಯಂತ್ರ. ಯಂತ್ರದ ತಪ್ಪಿನಲ್ಲಿ ಅದನ್ನು ನಡೆಸುವ ತಂತ್ರಾಂಶದ ತಪ್ಪೂ ಸೇರಿತು. ಪರೀಕ್ಷೆಗಳೆಲ್ಲ ಈ ನಾಲ್ಕರಲ್ಲಿ ಯಾವುದೆಂದು ತಿಳಿಯುವುದಕ್ಕಾಗಿಯೇ. ಕೆಲವು ಹೊಸ, ಬೆಲೆಬಾಳುವ ಯಂತ್ರಗಳಲ್ಲಿ ಹಿಂದೆ ದೀಪವಿರುವುದಿಲ್ಲ, ಚುಕ್ಕೆಗಳೇ ಬೆಳಗುತ್ತವೆ. ಅವಕ್ಕೆ ನಾನು ಮುಂದೆ ಹೇಳುವ ಟಾರ್ಚಿನ ಪರೀಕ್ಷೆ ಒಂದನ್ನು ಬಿಟ್ಟು ಉಳಿದವೆಲ್ಲ ಸಲ್ಲುತ್ತವೆ.

ಪರದೆ ಪೂರ್ತಿ ಕಪ್ಪಾಗಿದ್ದರೆ

ಮೊದಲನೆಯದಾಗಿ, ಯಂತ್ರ ನಡೆಯುತ್ತಿದೆಯೇ ನೋಡಿರಿ. ಫ್ಯಾನಿನ ಸದ್ದು ಕೇಳುತ್ತದೆಯೇ? ಬದಿಯ ಸಣ್ಣ ದೀಪ ಉರಿಯುತ್ತಿದೆಯೇ, ಅಥವಾ ಮಲಗಿದ ಯಂತ್ರದ ದೀಪದಂತೆ ಮಿನುಗುತ್ತಿದೆಯೇ? ಏನೂ ಇಲ್ಲದಿದ್ದರೆ ತಪ್ಪು ಪರದೆಯದಲ್ಲ, ವಿದ್ಯುತ್ತಿನದು. ಬೇರೆ ಪ್ಲಗ್ಗಿಗೆ ಚಾರ್ಜರು ಹಾಕಿ ನೋಡಿರಿ. ಆ ಪ್ಲಗ್ಗಿನಲ್ಲಿ ಬೇರೆ ದೀಪ ಉರಿಯುತ್ತದೆಯೇ ಎಂದೂ ನೋಡಿರಿ.

ಎರಡನೆಯದಾಗಿ, ಬೆಳಕಿನ ಗುಂಡಿ. ಗುಂಡಿಗಳ ಮೇಲಿನ ಸಾಲಿನಲ್ಲಿ ಸೂರ್ಯನ ಚಿತ್ರವಿರುವ ಎರಡು ಗುಂಡಿಗಳಿರುತ್ತವೆ. ಒಂದು ಬೆಳಕು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಕೆಲವು ಯಂತ್ರಗಳಲ್ಲಿ 'ಎಫ್‌ಎನ್' ಎಂಬ ಗುಂಡಿಯನ್ನೂ ಜೊತೆಗೆ ಒತ್ತಬೇಕು. ಮಕ್ಕಳ ಕೈ ತಗುಲಿ ಬೆಳಕು ತೀರ ಇಳಿದಿದ್ದರೆ ಪರದೆ ಸತ್ತಂತೆಯೇ ಕಾಣುತ್ತದೆ.

ಮೂರನೆಯದಾಗಿ, ಹಳೆಯ ವಿದ್ಯುತ್ತನ್ನು ಬರಿದು ಮಾಡುವುದು. ಚಾರ್ಜರು ಕಿತ್ತಿರಿ. ಬ್ಯಾಟರಿ ಹೊರಗಿನಿಂದ ತೆಗೆಯುವಂತಿದ್ದರೆ ತೆಗೆಯಿರಿ. ಒಳಗೆ ಕೂಡಿಸಿದ್ದರೆ ಸ್ಕ್ರೂ ಬಿಚ್ಚುವುದು ಬೇಡ. ಹೊತ್ತಿಸುವ ಗುಂಡಿಯನ್ನು ೩೦ ಸೆಕೆಂಡು ಒತ್ತಿ ಹಿಡಿಯಿರಿ. ಆಮೇಲೆ ಬ್ಯಾಟರಿ, ಚಾರ್ಜರು ಹಾಕಿ ಹೊತ್ತಿಸಿರಿ. ಅನೇಕ ವೇಳೆ ಇಷ್ಟಕ್ಕೇ ಪರದೆ ಬರುತ್ತದೆ. ಉಳಿಸದೆ ಬಿಟ್ಟ ಬರಹ ಮಾತ್ರ ಇದರಿಂದ ಹೋಗುತ್ತದೆ.

ನಾಲ್ಕನೆಯದಾಗಿ, ವಿಂಡೋಸ್ ಇರುವ ಯಂತ್ರವಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕನ್ನೂ ಒಟ್ಟಿಗೆ ಒತ್ತಿರಿ. ಚಿತ್ರದ ಭಾಗ ಒಮ್ಮೆ ಹೊಸದಾಗಿ ಆರಂಭವಾಗುತ್ತದೆ. ಬರಹ ಏನೂ ಅಳಿಯುವುದಿಲ್ಲ.

ಐದನೆಯದು ಟಾರ್ಚಿನ ಪರೀಕ್ಷೆ. ಕತ್ತಲೆ ಕೋಣೆಯಲ್ಲಿ ಯಂತ್ರ ಹೊತ್ತಿಸಿ, ಕಪ್ಪು ಪರದೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಹತ್ತಿರದಿಂದ ನೋಡಿರಿ. ಮಸುಕಾಗಿ ಅಕ್ಷರ, ಚಿತ್ರ ಕಂಡರೆ ಗಾಜು ಸರಿಯಾಗಿದೆ, ಚಿತ್ರವೂ ಬರುತ್ತಿದೆ. ಹಿಂದಿನ ದೀಪವೋ ಅದಕ್ಕೆ ವಿದ್ಯುತ್ತು ಒಯ್ಯುವ ದಾರಿಯೋ ಕೆಟ್ಟಿದೆ. ಇದನ್ನು ಅಂಗಡಿಯವರಿಗೆ ಹೇಳಿದರೆ ಅವರ ಕೆಲಸವೂ ಹಗುರವಾಗುತ್ತದೆ.

ಮನೆಯ ಟಿ.ವಿ.ಯೇ ದೊಡ್ಡ ಪರೀಕ್ಷಕ

ಎಲ್ಲಕ್ಕಿಂತ ಉಪಯುಕ್ತವಾದ ಪರೀಕ್ಷೆ ಇದು. ಈಗಿನ ಟಿ.ವಿ.ಗಳಲ್ಲಿ ಎಚ್‌ಡಿಎಂಐ ಎಂಬ ಕಿಂಡಿ ಇರುತ್ತದೆ. ಬಹಳ ಲ್ಯಾಪ್‌ಟಾಪುಗಳಲ್ಲಿಯೂ ಇರುತ್ತದೆ. ಸೆಟ್‌ಟಾಪ್ ಬಾಕ್ಸಿಗೆ ಹಾಕಿರುವ ಆ ತಂತಿಯನ್ನೇ ತೆಗೆದು ಎರಡಕ್ಕೂ ಜೋಡಿಸಿರಿ. ರಿಮೋಟಿನಿಂದ ಟಿ.ವಿ.ಯಲ್ಲಿ ಆ ಕಿಂಡಿಯನ್ನು ಆರಿಸಿರಿ. ಚಿತ್ರ ಬಾರದಿದ್ದರೆ ವಿಂಡೋಸ್ ಗುಂಡಿ ಹಿಡಿದು ಪಿ ಒತ್ತಿರಿ. ಹಿಡಿದಂತೆಯೇ ಪಿಯನ್ನು ಮತ್ತೆ ಮತ್ತೆ ಒತ್ತಿದರೆ ಒಂದೊಂದೇ ಆಯ್ಕೆ ಸರಿಯುತ್ತದೆ. ಎಂಟರ್ ಒತ್ತಿದರೆ ಆ ಆಯ್ಕೆ ನಿಲ್ಲುತ್ತದೆ.

ಟಿ.ವಿ.ಯಲ್ಲಿ ಚಿತ್ರ ನಿರ್ಮಲವಾಗಿ ಬಂದರೆ ಕೆಳಗಿನ ಯಂತ್ರ ಚೆನ್ನಾಗಿದೆ. ತಪ್ಪು ಮುಚ್ಚಳದಲ್ಲಿಯೋ ಕೀಲಿನ ತಂತಿಯಲ್ಲಿಯೋ ಇದೆ. ಟಿ.ವಿ.ಯಲ್ಲಿಯೂ ಅದೇ ಗೆರೆ, ಅದೇ ಕಲೆ ಕಂಡರೆ ತಪ್ಪು ಕೆಳಗಿನ ಯಂತ್ರದ್ದು. ಪರದೆ ಬದಲಾಯಿಸಿದರೆ ಹಣ ದಂಡ. ಮುಚ್ಚಳದ ಪರದೆ ಕೆಟ್ಟಿದ್ದು ಕೈಯಲ್ಲಿ ಹಣವಿಲ್ಲದಿದ್ದರೆ ಟಿ.ವಿ.ಗೆ ಜೋಡಿಸಿಕೊಂಡೇ ಮಗುವಿನ ಪರೀಕ್ಷೆ ಮುಗಿಯುವವರೆಗೆ ಕೆಲಸ ಸಾಗಿಸಬಹುದು. ಅರ್ಜಿಯ ಕೊನೆಯ ದಿನದಂದು ಇದು ದೊಡ್ಡ ಉಪಕಾರ.

ಗೆರೆ, ಮಿನುಗು, ಕಲೆ

ಗೆರೆಗಳು ಕಂಡರೆ, ಯಂತ್ರ ಹೊತ್ತಿಸಿದ ಕೂಡಲೆ ತಯಾರಕರ ಹೆಸರು ಮೂಡುತ್ತದಲ್ಲ, ಆಗಲೇ ನೋಡಿರಿ. ಆಗಲೂ ಗೆರೆಗಳಿದ್ದರೆ ತಪ್ಪು ವಿಂಡೋಸಿನದಲ್ಲ. ಆಮೇಲೆ ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿರಿ. ಒಂದು ಕೋನದಲ್ಲಿ ಚಿತ್ರ ಬಂದು ಇನ್ನೊಂದರಲ್ಲಿ ಹೋದರೆ ಕೀಲಿನೊಳಗಿನ ತಂತಿ ಸವೆದಿದೆ ಅಥವಾ ಸಡಿಲಾಗಿದೆ. ನೇಗಿಲಿನ ಹಗ್ಗ ಒಂದೇ ಕಡೆ ಉಜ್ಜಿ ಉಜ್ಜಿ ಹರಿಯುವುದಿಲ್ಲವೇ, ಹಾಗೆ. ತಂತಿ ಬದಲಾಯಿಸಲು ಪರದೆಯಷ್ಟು ಖರ್ಚು ಸಾಮಾನ್ಯವಾಗಿ ಬರುವುದಿಲ್ಲ. ಆದ್ದರಿಂದ, "ಮೊದಲು ತಂತಿ ನೋಡಿರಿ" ಎಂದು ಅಂಗಡಿಯಲ್ಲಿ ಧೈರ್ಯವಾಗಿ ಹೇಳಿರಿ.

ಪರದೆ ಮಿನುಗುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿರಿ. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ಉಳಿದುದೆಲ್ಲ ಮಿನುಗಿ ಈ ಕಿಟಕಿ ಮಾತ್ರ ಸ್ಥಿರವಾಗಿದ್ದರೆ, ಇತ್ತೀಚೆಗೆ ಹಾಕಿದ ಯಾವುದೋ ತಂತ್ರಾಂಶದ ಮೇಲೆ ಸಂಶಯ. ಅದನ್ನು ತೆಗೆದು ನೋಡಬೇಕು. ಇದೂ ಮಿನುಗಿದರೆ ಡ್ರೈವರ್ ಮೇಲೆ ಸಂಶಯ. ಡ್ರೈವರ್ ಎಂದರೆ ಚಿತ್ರದ ಭಾಗವನ್ನು ನಡೆಸುವ ತಂತ್ರಾಂಶ. ಅದನ್ನು ಹೊಸದಾಗಿ ಹಾಕಿಕೊಳ್ಳಬೇಕು, ಅಥವಾ ಹೊಸದು ಬಂದ ಮೇಲೆಯೇ ತೊಂದರೆ ಶುರುವಾಗಿದ್ದರೆ ಹಿಂದಿನದಕ್ಕೆ ಮರಳಬೇಕು. ಕಾಲೇಜಿನ ಮಕ್ಕಳು ಇದನ್ನು ಮಾಡಬಲ್ಲರು, ಖರ್ಚಿಲ್ಲ.

ಮಸಿ ಚೆಲ್ಲಿದಂತೆ ಕಪ್ಪು ಕಲೆ, ಅದರ ಸುತ್ತ ಜೇಡರ ಬಲೆಯಂಥ ಬಿರುಕು ಕಂಡರೆ ಗಾಜು ಒಡೆದಿದೆ. ಇದಕ್ಕೆ ಬೇರೆ ಮದ್ದಿಲ್ಲ. ಪರದೆ ಹೊಸದೇ ಹಾಕಬೇಕು. ಬೆರಳಿನಿಂದ ಒತ್ತಿದರೆ ಕಲೆ ಇನ್ನೂ ಹರಡುತ್ತದೆ. ಒಂದೆರಡು ಚುಕ್ಕೆ ಮಾತ್ರ ಸತ್ತಿದ್ದರೆ ಚಿಂತೆ ಬೇಡ. ಹೊಲದಲ್ಲಿ ಎರಡು ಸಸಿ ಒಣಗಿದರೆ ಬೆಳೆ ಹೋದಂತಲ್ಲ.

ರೋಗವಲ್ಲದ ರೋಗಗಳು

ಕೆಲವು ತೊಂದರೆಗಳು ಕೆಟ್ಟದ್ದರಿಂದ ಬಂದವಲ್ಲ, ಕೈತಪ್ಪಿನಿಂದ ಬಂದವು. ಚಿತ್ರ ತಲೆಕೆಳಗಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ತೆರೆದು 'ಲ್ಯಾಂಡ್‌ಸ್ಕೇಪ್' ಎಂದು ಆರಿಸಿರಿ. ಅಕ್ಷರ ಮಸುಕಾಗಿ ಅಥವಾ ವಿಪರೀತ ದೊಡ್ಡದಾಗಿ ಕಂಡರೆ ಅಲ್ಲಿಯೇ 'ರೆಕಮೆಂಡೆಡ್' ಎಂದು ಬರೆದಿರುವ ಅಳತೆಗಳನ್ನು ಆರಿಸಿರಿ. ರಾತ್ರಿ ಪರದೆ ಹಳದಿಯಾದರೆ 'ನೈಟ್ ಲೈಟ್' ಆರಿಸಿದ್ದೀರಿ, ಬೇಡವಾದರೆ ನಿಲ್ಲಿಸಿರಿ. ಇಂಥದ್ದಕ್ಕೆ ಬಸ್ಸು ಹತ್ತಿ ಪೇಟೆಗೆ ಹೋಗಬೇಕಾಗಿಲ್ಲ.

ಕಾಪಾಡುವ ಬಗೆ

ಮುಚ್ಚಳವನ್ನು ಒಂದು ಮೂಲೆ ಹಿಡಿದು ಎತ್ತಬೇಡಿರಿ, ಮೇಲಂಚಿನ ನಡುವೆ ಹಿಡಿದು ಎತ್ತಿರಿ. ಗುಂಡಿಗಳ ಮೇಲೆ ಪೆನ್ನು ಬಿಟ್ಟು ಮುಚ್ಚಬೇಡಿರಿ. ಅನೇಕ ಪರದೆಗಳು ಒಡೆಯುವುದು ಹೀಗೆಯೇ. ಒರೆಸುವಾಗ ಯಂತ್ರ ಆರಿಸಿ, ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿರಿ. ಕಲೆ ಹೋಗದಿದ್ದರೆ ಬಟ್ಟೆಗೆ ತುಸು ನೀರು ತಗುಲಿಸಿಕೊಳ್ಳಿರಿ. ಪರದೆಗೆ ನೇರವಾಗಿ ಏನನ್ನೂ ಸಿಂಪಡಿಸಕೂಡದು. ಗುಡುಗು ಮಿಂಚು ಬಂದಾಗ ಚಾರ್ಜರು ಕಿತ್ತಿಡಿರಿ.

ಇನ್ನೊಂದು ಮಾತನ್ನು ಮರೆಯಬಾರದು. ಯಂತ್ರದ ತಳ ಉಬ್ಬಿದ್ದರೆ, ಅಥವಾ ಬೆರಳಾಡಿಸುವ ಹಲಗೆ ಮೇಲೆದ್ದಿದ್ದರೆ, ಒಳಗಿನ ಬ್ಯಾಟರಿ ಊದಿದೆಯೆಂದು ತಿಳಿಯಿರಿ. ಅದಕ್ಕೆ ಬೆಂಕಿ ಹತ್ತುವ ಅಪಾಯವಿದೆ. ಒತ್ತಬೇಡಿರಿ, ಚುಚ್ಚಬೇಡಿರಿ, ಚಾರ್ಜು ಮಾಡಬೇಡಿರಿ. ಕೂಡಲೆ ಬಲ್ಲವರ ಕೈಗೆ ಕೊಡಿರಿ. ಇಲ್ಲಿ ಮಾತ್ರ ಸ್ವಂತ ಪರೀಕ್ಷೆ ಬೇಡ.

ನಮ್ಮ ಮನೆಯ ಕತೆಯ ಕೊನೆ

ಈಗ ನನ್ನ ಕತೆಗೆ ಬರುತ್ತೇನೆ. ಹೊಸ ಪರದೆಯೂ ಕಪ್ಪಾದ ಮೇಲೆ ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಮಗಳು ನಾಲ್ಕು ದಿನ ಯಂತ್ರ ಮುಟ್ಟಲಿಲ್ಲ. ಐದನೆಯ ದಿನ ಮತ್ತೆ ಕುಳಿತು, ಕಪ್ಪಾದಾಗಲೆಲ್ಲ ಏನೇನು ನಡೆದಿತ್ತೆಂದು ಒಂದು ಹಾಳೆಯಲ್ಲಿ ಬರೆದಿಟ್ಟಳು. ಸಂಜೆ ಹೊತ್ತಿಗೆ ಕರೆದು, "ಅಪ್ಪಾ, ಇಲ್ಲಿ ನೋಡಿ" ಎಂದಳು. ತನ್ನ ಫೋನನ್ನು ಯಂತ್ರದ ಎಡ ಅಂಚಿನ ಮೇಲಿಟ್ಟಳು, ಪರದೆ ಹೋಯಿತು. ಫೋನು ತೆಗೆದು ಗುಂಡಿ ಒತ್ತಿದಳು, ಬಂತು. ಮೂರು ಸಲ ಮಾಡಿ ತೋರಿಸಿದಳು.

ಸಂಗತಿ ಇಷ್ಟು. ಅನೇಕ ಲ್ಯಾಪ್‌ಟಾಪುಗಳ ಮುಚ್ಚಳದ ಅಂಚಿನಲ್ಲಿ ಒಂದು ಸಣ್ಣ ಅಯಸ್ಕಾಂತವಿದೆ. ಮುಚ್ಚಿದಾಗ ಅದು ಹತ್ತಿರ ಬಂದುದನ್ನು ಕೆಳಗಿನ ಯಂತ್ರ ತಿಳಿದುಕೊಂಡು, ಮುಚ್ಚಳ ಮುಚ್ಚಿತು ಎಂದು ಮಲಗುತ್ತದೆ. ಮಗಳ ಫೋನಿನ ಮಡಚುವ ಕವರಿನಲ್ಲಿಯೂ ಅಯಸ್ಕಾಂತವಿತ್ತು. ಅದನ್ನು ಆ ಜಾಗದಲ್ಲಿಟ್ಟಾಗಲೆಲ್ಲ ಯಂತ್ರ ಮೋಸಹೋಗುತ್ತಿತ್ತು. ಅಂಗಡಿಯಲ್ಲಿ ಫೋನು ಇರಲಿಲ್ಲ, ಆದ್ದರಿಂದ ಅಲ್ಲಿ ಚೆನ್ನಾಗಿ ನಡೆಯಿತು. ಮಲಗಿದ ಯಂತ್ರದ ದೀಪ ಮೊದಲ ದಿನದಿಂದಲೂ ಮಿನುಗುತ್ತಲೇ ಇತ್ತು. ನಾನು ನೋಡಿರಲಿಲ್ಲ, ಅಂಗಡಿಯವರಿಗೂ ಹೇಳಿರಲಿಲ್ಲ.

ಆರು ಸಾವಿರ ಹೋಯಿತು. ಅದಕ್ಕಿಂತ ಹೆಚ್ಚಾಗಿ, ತಪ್ಪು ಮಾಡದ ಮಗುವನ್ನು ಗದರಿಸಿದೆನಲ್ಲ ಎಂಬುದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಆ ದಿನ ಅವಳ ಮುಂದೆ ನನ್ನ ತಪ್ಪು ಒಪ್ಪಿಕೊಂಡೆ. ಇಂದು ತಮ್ಮ ಮುಂದೆಯೂ ಒಪ್ಪಿಕೊಂಡಿದ್ದೇನೆ.

ಆದ್ದರಿಂದ ಬಂಧುಗಳೇ, ಪರದೆ ಕೆಟ್ಟಾಗ ಮಾಡಬೇಕಾದದ್ದನ್ನು ಮತ್ತೊಮ್ಮೆ ಹೇಳಿ ಮುಗಿಸುತ್ತೇನೆ. ಯಾವಾಗ, ಏನು ಮಾಡುತ್ತಿದ್ದಾಗ ಕೆಟ್ಟಿತೆಂದು ಒಂದು ಚೀಟಿಯಲ್ಲಿ ಬರೆಯಿರಿ. ಯಂತ್ರದ ಅಂಚಿನಿಂದ ಫೋನು, ಅಯಸ್ಕಾಂತದ ವಸ್ತುಗಳನ್ನು ದೂರವಿಡಿರಿ. ದೀಪ, ಸದ್ದು, ಬೆಳಕಿನ ಗುಂಡಿ ನೋಡಿರಿ. ಟಾರ್ಚು ಹಿಡಿದು ನೋಡಿರಿ, ಟಿ.ವಿ.ಗೆ ಜೋಡಿಸಿ ನೋಡಿರಿ, ಮುಚ್ಚಳ ಆಡಿಸಿ ನೋಡಿರಿ. ಇಷ್ಟರ ಮೇಲೂ ಸರಿಹೋಗದಿದ್ದರೆ ಆ ಚೀಟಿಯೊಂದಿಗೆ ಅಂಗಡಿಗೆ ಹೋಗಿರಿ. ವಾರಂಟಿ ಇನ್ನೂ ಇದ್ದರೆ ಕಂಪನಿಯ ಸೇವಾ ಕೇಂದ್ರಕ್ಕೇ ಹೋಗಿರಿ. ಪರದೆ ಬದಲಾಯಿಸಿದರೆ ಹಳೆಯದನ್ನೂ ರಸೀದಿಯನ್ನೂ ಕೇಳಿ ಪಡೆಯಿರಿ.

ಮತ್ತು ದಯವಿಟ್ಟು ಮಕ್ಕಳ ಮಾತನ್ನು ಮೊದಲು ಕೇಳಿರಿ.