ನಿಧಾನವೇ ಓಟದ ಮೊದಲ ಪಾಠ

(ಸಂಸ್ಥೆಯ ವಾರ್ಷಿಕ ಕ್ರೀಡಾಕೂಟದ ಸಮಾರೋಪದಲ್ಲಿ ಬೆಳಗಾವಿ ಮತ್ತು ಖಾನಾಪುರದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಇಂದು ಗೆದ್ದವರಿಗೆಲ್ಲ ನನ್ನ ಅಭಿನಂದನೆಗಳು. ಆದರೆ ನಾನು ಇಲ್ಲಿ ನಿಂತಿರುವುದು ಬಹುಮಾನ ಸಿಗದವರೊಂದಿಗೆ ಮಾತನಾಡಲು. ಓಡಲು ಆರಂಭಿಸಿ ಹದಿನೈದೇ ದಿನಕ್ಕೆ ಕಾಲುನೋವೆಂದು ಬಿಟ್ಟವರು ನಿಮ್ಮಲ್ಲಿದ್ದಾರೆ. ಮೂರು ತಿಂಗಳು ಓಡಿದರೂ ಸಮಯ ಇಳಿಯಲಿಲ್ಲವೆಂದು ಬೇಸತ್ತವರೂ ಇದ್ದಾರೆ. ಇಬ್ಬರಿಗೂ ಒಂದೇ ಮಾತು: ನಿಮ್ಮ ಕಾಲಿನಲ್ಲಿ ದೋಷವಿಲ್ಲ, ಕಲಿಯುವ ಕ್ರಮವನ್ನು ಸರಿಪಡಿಸಿಕೊಂಡರೆ ಸಾಕು.

ಓಟ ನಮ್ಮ ಊರಿಗೆ ಹೊಸದಲ್ಲ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ಹಳ್ಳಿಯ ಓಟಗಾರರನ್ನು ಕಂಡು ದೊರಾಬ್ಜಿ ಟಾಟಾ ಅವರು ಇಂಥವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕೆಂದು ಮನಸ್ಸು ಮಾಡಿದರು. ಮರುವರ್ಷ ಬೆಲ್ಜಿಯಂ ದೇಶದ ಆಂಟ್‌ವರ್ಪ್‌ಗೆ ಹೋದ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅಲ್ಲಿನ ಮ್ಯಾರಥಾನ್ 42.75 ಕಿಲೋಮೀಟರ್ ಉದ್ದವಿತ್ತು. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಅಂದರೆ ಪ್ರತಿ ಕಿಲೋಮೀಟರಿಗೆ ಸುಮಾರು ನಾಲ್ಕು ನಿಮಿಷ. ಗೆದ್ದ ಫಿನ್ಲೆಂಡಿನ ಕೊಲೆಹ್ಮೈನೆನ್ ಅವರಿಗಿಂತ ಹದಿನೆಂಟು ನಿಮಿಷ ಹಿಂದೆ. ಪದಕ ಬರಲಿಲ್ಲ ನಿಜ, ಆದರೆ ಕೊನೆಯವರೆಗೂ ಓಡಿದ್ದರಿಂದಲೇ ನೂರು ವರ್ಷ ಕಳೆದ ಮೇಲೂ ಆ ಹೆಸರನ್ನು ನಾವು ಹೇಳುತ್ತಿದ್ದೇವೆ.

ಇಂದು ನಮ್ಮ ಎಷ್ಟೋ ಹುಡುಗರಿಗೆ ಓಟವೆಂದರೆ ಬದುಕಿನ ಪ್ರಶ್ನೆ. ಮರಾಠಾ ಲಘು ಪದಾತಿದಳದ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ. 2022ರಲ್ಲಿ ಆರಂಭವಾದ ಅಗ್ನಿವೀರ ಭರ್ತಿಯಲ್ಲಿ 1.6 ಕಿಲೋಮೀಟರ್ ಓಡಬೇಕು. ಐದೂವರೆ ನಿಮಿಷದೊಳಗೆ ಮುಗಿಸಿದವರಿಗೆ ಪೂರ್ಣ 60 ಅಂಕ. ಖಾನಾಪುರದ ಕಡೆಯ ಹುಡುಗರು ಏನು ಮಾಡುತ್ತಾರೆ? ಭರ್ತಿಯ ಜಾಹೀರಾತು ಬಂದ ಮೇಲೆ ಬೂಟು ಕೊಳ್ಳುತ್ತಾರೆ. ಮರುದಿನದಿಂದಲೇ ಡಾಂಬರು ರಸ್ತೆಯಲ್ಲಿ ಜೀವ ಬಿಟ್ಟು ಓಡುತ್ತಾರೆ. ಮೂರನೇ ವಾರ ಮೊಣಕಾಲ ಕೆಳಗಿನ ಎಲುಬು ನೋಯುತ್ತದೆ. ಭರ್ತಿಯ ದಿನ ಕುಂಟುತ್ತಾ ಮನೆಗೆ ಬರುತ್ತಾರೆ.

ಹೀಗೇಕಾಗುತ್ತದೆ? ಹೃದಯ ಮತ್ತು ಉಸಿರು ಕೆಲವೇ ವಾರಗಳಲ್ಲಿ ಓಟಕ್ಕೆ ಹೊಂದಿಕೊಳ್ಳುತ್ತವೆ. ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಹೊಸ ಭಾರ ಬಿದ್ದಾಗ ಎಲುಬು ಮೊದಲು ಹಳೆಯ ಅಂಶವನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಈ ನಡುವಿನ ಕೆಲವು ವಾರ ಅದು ನಾಜೂಕಾಗಿರುತ್ತದೆ. ಉಸಿರು 'ಓಡು' ಎನ್ನುವಾಗ ಎಲುಬು 'ತಡಿ' ಎನ್ನುತ್ತಿರುತ್ತದೆ. ಆ ಮಾತನ್ನು ಕೇಳಬೇಕು.

ಆದ್ದರಿಂದ ಮೊದಲ ವಾರ ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ಇಪ್ಪತ್ತು ನಿಮಿಷ ಸಾಕು. ದಿನ ಬಿಟ್ಟು ದಿನ, ವಾರಕ್ಕೆ ಮೂರು ದಿನ. ವಾರ ವಾರಕ್ಕೆ ಓಟವನ್ನು ತುಸು ಹೆಚ್ಚಿಸಿ, ನಡಿಗೆಯನ್ನು ತುಸು ಕಡಿಮೆ ಮಾಡಿ. ಪಕ್ಕದವನೊಡನೆ ಮಾತನಾಡುತ್ತಾ ಓಡಲು ಆಗಬೇಕು, ಆಗದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ. ಎರಡು ಮೂರು ತಿಂಗಳಲ್ಲಿ ಅರ್ಧ ಗಂಟೆ ನಿಲ್ಲದೆ ಓಡುವಿರಿ. ಸಾಧ್ಯವಾದಷ್ಟು ಮಣ್ಣಿನ ಮೈದಾನದಲ್ಲೇ ಓಡಿ. ಒಂದೇ ಜಾಗದಲ್ಲಿ ಒತ್ತಿದರೆ ನೋವು, ನಡೆದರೂ ನೋವು, ರಾತ್ರಿ ಮಲಗಿದರೂ ನೋವು ಎಂದಾದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಅದು ಎಲುಬಿನ ಬಿರುಕಾಗಿರಬಹುದು. ಅಲ್ಲಿ ಹಟ ತರವಲ್ಲ.

ಇನ್ನು ಎರಡನೆಯ ತೊಡಕು. ಏಳೂವರೆ ನಿಮಿಷದಿಂದ ಆರೂವರೆಗೆ ಬೇಗ ಇಳಿದ ಸಮಯ ಅಲ್ಲಿಯೇ ನಿಂತುಬಿಡುತ್ತದೆ. ದಿನವೂ ಅದೇ ದಾರಿ, ಅದೇ ವೇಗವಾದರೆ ದೇಹ ಅದಕ್ಕೆ ಒಗ್ಗಿಹೋಗಿ ಹೊಸದನ್ನು ಕಲಿಯುವುದಿಲ್ಲ. ಆಗ ವಾರದ ಮೂರು ದಿನಗಳನ್ನು ಬೇರೆ ಬೇರೆ ಮಾಡಿ. ಒಂದು ದಿನ ನಿಧಾನವಾಗಿ ಹೆಚ್ಚು ಹೊತ್ತು ಓಡಿ. ಒಂದು ದಿನ 400 ಮೀಟರನ್ನು ನಾಲ್ಕು ಸಲ, ನಡುವೆ ಮೂರು ನಿಮಿಷ ನಡಿಗೆಯೊಂದಿಗೆ, ಜೋರಾಗಿ ಓಡಿ. ಇನ್ನೊಂದು ದಿನ ಹಗುರವಾದ ಓಟ. ನಾಲ್ಕನೇ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ. ದೇಹ ಗಟ್ಟಿಯಾಗುವುದು ವಿಶ್ರಾಂತಿಯಲ್ಲೇ.

ಲೆಕ್ಕವನ್ನೂ ಕಲಿಯಿರಿ. ಐದೂವರೆ ನಿಮಿಷಕ್ಕೆ 1600 ಮೀಟರ್ ಎಂದರೆ ಪ್ರತಿ 400 ಮೀಟರ್ ಸುತ್ತಿಗೆ ಸುಮಾರು 82 ಸೆಕೆಂಡು. ಮೊದಲ ಸುತ್ತನ್ನು 70ರಲ್ಲಿ ಓಡಿದವನು ಮೂರನೇ ಸುತ್ತಿನಲ್ಲಿ ಕುಸಿಯುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿಯೂ ಸತ್ಯ.

ಓಟ ಮುಂದೆ ಸಾಗದಿರಲು ಊಟವೂ ಕಾರಣವಾಗಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಇಂಥ ಮಗಳಿಗೆ ಏದುಸಿರು ಬಂದರೆ ಸೋಮಾರಿ ಎನ್ನಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಕಾಳು, ಸೊಪ್ಪು, ಮಾಂಸ ಊಟದಲ್ಲಿರಲಿ, ಮೇಲೆ ಲಿಂಬೆರಸ ಹಿಂಡಿ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ರಂಜಾನ್ ತಿಂಗಳಲ್ಲಿ ವೇಗ ಹೆಚ್ಚಿಸುವ ಯೋಚನೆ ಬೇಡ. ಇಫ್ತಾರ್‌ಗೆ ಸ್ವಲ್ಪ ಮೊದಲು ಹಗುರವಾಗಿ ಓಡಿದರೆ ಕೂಡಲೇ ನೀರು ಸಿಗುತ್ತದೆ, ಅಭ್ಯಾಸವೂ ತಪ್ಪುವುದಿಲ್ಲ.

ಸೋಮಾಲಿಯಾ ಮೂಲದ, ಬಾಲಕನಾಗಿ ಬ್ರಿಟನ್ ಸೇರಿದ ಮೋ ಫರಾ ಅವರನ್ನು ನೀವು ಬಲ್ಲಿರಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು 5,000 ಮೀಟರ್ ಓಟದ ಅಂತಿಮ ಸುತ್ತಿಗೂ ಬರಲಿಲ್ಲ. ನಾಲ್ಕು ವರ್ಷದ ನಂತರ ಲಂಡನ್ನಿನಲ್ಲಿ 5,000 ಮತ್ತು 10,000 ಮೀಟರ್ ಎರಡರಲ್ಲೂ ಚಿನ್ನ ಗೆದ್ದರು. 2016ರಲ್ಲಿ ರಿಯೋದ 10,000 ಮೀಟರ್ ಓಟದ ನಡುವೆ ಬಿದ್ದರು, ಎದ್ದರು, ಗೆದ್ದರು.

ಕೊನೆಯದಾಗಿ ಸಂಸ್ಥೆಯ ಹಿರಿಯರಲ್ಲಿ ಒಂದು ವಿನಂತಿ. ವಾರಕ್ಕೆ ಮೂರು ದಿನ ಬೆಳಿಗ್ಗೆ ಒಂದು ಗಂಟೆ ಶಾಲೆಯ ಮೈದಾನವನ್ನು ಹೆಣ್ಣುಮಕ್ಕಳಿಗಾಗಿ ತೆರೆದಿಡಿ. ಒಬ್ಬ ಶಿಕ್ಷಕಿ ಜೊತೆಗಿದ್ದರೆ ತಂದೆತಾಯಿಗಳು ಧೈರ್ಯದಿಂದ ಕಳಿಸುತ್ತಾರೆ. ಗಂಡುಮಕ್ಕಳಿಗೆ ನನ್ನ ಕಿವಿಮಾತು: ಜಾಹೀರಾತಿಗೆ ಕಾಯಬೇಡಿ, ಆರು ತಿಂಗಳು ಮೊದಲೇ ಆರಂಭಿಸಿ, ನಿಧಾನವಾಗಿ ಆರಂಭಿಸಿ. ತಾಳಿದವನು ಬಾಳಿಯಾನು. ಮುಂದಿನ ವರ್ಷದ ಕೂಟದಲ್ಲಿ ಇಂದು ಬಿಟ್ಟು ಕುಳಿತವರೂ ಓಡಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.