ಬರ್ಲಿನ್ನಿನ ಸ್ಟರ್ನ್ ಸಂಗೀತಶಾಲೆ

ಯೂರೋಪಿನಲ್ಲಿ ಸಂಗೀತಶಾಲೆಗೆ ‘ಕನ್ಸರ್ವೇಟರಿ’ ಎಂಬ ಹೆಸರುಂಟು. ಕಾಪಾಡುವ ಸ್ಥಳವೆಂದು ಅದರ ಮೂಲಾರ್ಥ. ಹಿಂದೆ ನೇಪಲ್ಸ್ ನಗರದಲ್ಲಿ ಅನಾಥ ಬಾಲಕರನ್ನು ಸಾಕಿ, ಅವರಿಗೆ ಸಂಗೀತವನ್ನು ಕಲಿಸುತ್ತಿದ್ದ ಆಶ್ರಮಗಳಿಂದ ಈ ಹೆಸರು ಬಂದಿತು. ಕಾಪಾಡಬೇಕಾದ ಶಾಲೆಯೇ ರಕ್ಷಣೆಯಿಲ್ಲದೆ ಹೋದರೆ ವಿದ್ಯೆಯ ಗತಿಯೇನು? ಬರ್ಲಿನ್ನಿನ ಒಂದು ಖಾಸಗಿ ಸಂಗೀತಶಾಲೆಯ ಚರಿತ್ರೆಯಲ್ಲಿ ಇದಕ್ಕೆ ಉತ್ತರವನ್ನು ನಾವು ಹುಡುಕೋಣ.

1850ರಲ್ಲಿ ಬರ್ಲಿನ್ ಪ್ರಷ್ಯದ ರಾಜಧಾನಿಯಾಗಿದ್ದಿತು. ಗಾಯನ ವಾದನಗಳನ್ನು ಕಲಿಸುವ ಸರ್ಕಾರದ ಉನ್ನತ ವಿದ್ಯಾಲಯವು ಅಲ್ಲಿ ಏರ್ಪಟ್ಟುದು 1869ರಲ್ಲಿ. ಅದಕ್ಕೆ ಮೊದಲೇ, 1850ರಲ್ಲಿ, ಮೂವರು ಕೂಡಿ ಈ ಶಾಲೆಯನ್ನು ತೆರೆದರು. ಯೂಲಿಯಸ್ ಸ್ಟರ್ನನು ಮೇಳಗಾನದ ನಾಯಕ, ಕುಲ್ಲಾಕನು ಪಿಯಾನೋ ವಾದಕ, ಮಾರ್ಕ್ಸನು ಸಂಗೀತಶಾಸ್ತ್ರಜ್ಞ. 1855ರಲ್ಲಿ ಕುಲ್ಲಾಕನು ಹೊರಟು ಬೇರೊಂದು ಶಾಲೆಯನ್ನು ಸ್ಥಾಪಿಸಿದನು. ಸ್ವಲ್ಪ ಕಾಲದಲ್ಲಿಯೇ ಮಾರ್ಕ್ಸನೂ ಬಿಟ್ಟನು. ಉಳಿದ ಭಾರವೆಲ್ಲವನ್ನೂ ಸ್ಟರ್ನನೇ ಹೊತ್ತನು. ಶಾಲೆಗೆ ಅವನ ಹೆಸರೇ ನಿಂತಿತು.

1883ರಲ್ಲಿ ಸ್ಟರ್ನನು ತೀರಿಕೊಂಡನು. 1888ರಿಂದ ಅವನ ನಾದಿನಿಯಾದ ಜೆನ್ನಿ ಮೇಯರ್ ಎಂಬ ಗಾಯಕಿಯೂ, 1895ರಿಂದ ಗುಸ್ತಾವ್ ಹೊಲೆಂಡರ್ ಎಂಬ ಪಿಟೀಲು ವಿದ್ವಾಂಸನೂ ಶಾಲೆಯನ್ನು ನಡೆಯಿಸಿದರು. ಹೊಲೆಂಡರನು ಬರ್ಲಿನ್ನಿನ ಸರ್ಕಾರದ ಉನ್ನತ ವಿದ್ಯಾಲಯದಲ್ಲಿ ಕಲಿತವನು. ಅವನ ಕಾಲದಲ್ಲಿ, 1899ರಲ್ಲಿ, ಶಾಲೆಯು ಫಿಲ್ಹಾರ್ಮೋನಿ ಎಂಬ ಪ್ರಸಿದ್ಧ ಸಂಗೀತಮಂದಿರದ ಕಟ್ಟಡಕ್ಕೆ ಹೋಯಿತು. ಮುಂದೆ ವಾದ್ಯವೃಂದದ ನಾಯಕರಾಗಿ ಲೋಕವಿಖ್ಯಾತರಾದ ಬ್ರೂನೋ ವಾಲ್ಟರ್ ಮತ್ತು ಆಟೋ ಕ್ಲೆಂಪರರ್ ಇಲ್ಲಿಯೇ ಓದಿದವರು. ಹೊಸ ಸಂಗೀತಕ್ಕೆ ದಾರಿತೋರಿದ ಷ್ಯೋನ್‌ಬರ್ಗನು ಇಲ್ಲಿ ಪಾಠ ಹೇಳಿದನು.

ಸ್ಟರ್ನನೂ ಹೊಲೆಂಡರನೂ ಯೆಹೂದ್ಯರು. 1933ರಲ್ಲಿ ಹಿಟ್ಲರನ ಆಳಿಕೆ ಬಂದ ಮೇಲೆ ಇದೊಂದೇ ಅಪರಾಧವಾಯಿತು. ಯೆಹೂದ್ಯ ಅಧ್ಯಾಪಕರನ್ನು ಹೊರಗಟ್ಟಿದರು. ಒಡೆತನವನ್ನು ಕುಟುಂಬದಿಂದ ಕಿತ್ತುಕೊಂಡರು. 1936ರಲ್ಲಿ ಸ್ಟರ್ನನ ಹೆಸರನ್ನು ಅಳಿಸಿ, ‘ರಾಜಧಾನಿಯ ಸಂಗೀತಶಾಲೆ’ ಎಂದು ಕರೆದರು. ಹೊಲೆಂಡರನ ಮಕ್ಕಳು ಕೈಕಟ್ಟಿ ಕೂರಲಿಲ್ಲ. ಅದೇ ವರ್ಷ ಯೆಹೂದ್ಯರಿಗಾಗಿ ಒಂದು ಚಿಕ್ಕ ಶಾಲೆಯನ್ನು ತೆರೆದು, 1941ರವರೆಗೆ ಪಾಠ ನಡೆಯಿಸಿದರು. ಬಳಿಕ ಅವರನ್ನು ದೇಶದಿಂದ ಸಾಗಿಸಿ ಕೊಲ್ಲಲಾಯಿತು. 1944ರಲ್ಲಿ ಬಾಂಬುಗಳ ಉರಿಗೆ ಫಿಲ್ಹಾರ್ಮೋನಿಯೂ ಆಹುತಿಯಾಯಿತು.

ಯುದ್ಧಾನಂತರ ಬೇರೆ ಹೆಸರಿನಿಂದ ಉಳಿದ ಆ ಶಾಲೆಯು 1966ರಲ್ಲಿ ಸರ್ಕಾರದ ವಿದ್ಯಾಲಯದಲ್ಲಿ ಲೀನವಾಯಿತು. ಇಂದು ಬರ್ಲಿನ್ನಿನ ಕಲಾ ವಿಶ್ವವಿದ್ಯಾನಿಲಯದಲ್ಲಿ ಪ್ರತಿಭಾವಂತ ಬಾಲಕ ಬಾಲಿಕೆಯರಿಗೆ ಸಂಗೀತ ಕಲಿಸುವ ವಿಭಾಗಕ್ಕೆ ಯೂಲಿಯಸ್ ಸ್ಟರ್ನನ ಹೆಸರಿದೆ.

ಕಟ್ಟಡವು ಬೂದಿಯಾದರೂ, ಹೆಸರು ಅಳಿಸಿದರೂ, ಗುರುವಿನಿಂದ ಶಿಷ್ಯನಿಗೆ ಸಂದ ವಿದ್ಯೆ ಕಡಲಾಚೆಗೆ ಹೋಗಿಯಾದರೂ ಬದುಕೀತು. ವಾಲ್ಟರನೂ ಕ್ಲೆಂಪರರನೂ ದೇಶಭ್ರಷ್ಟರಾಗಿ ಇದನ್ನು ತೋರಿಸಿಕೊಟ್ಟರು. ಆದರೆ ಕೊಲೆಯಾದ ಗುರುಗಳೊಡನೆ ಮಡಿದ ವಿದ್ಯೆಯನ್ನು ಯಾವ ಸ್ಮಾರಕವೂ ಹಿಂದಕ್ಕೆ ತರಲಾರದು. ಸಂಗೀತವನ್ನು ಕಾಪಾಡುವುದೆಂದರೆ ಸಂಗೀತಗಾರರನ್ನು ಕಾಪಾಡುವುದೆಂದೇ ನಾವು ತಿಳಿಯಬೇಕು.