ನನ್ನನ್ನ ಬಿಟ್ಟುಬಿಟ್ಟಿರಾ ಅಂತ ಕೇಳಿದ ಕಾಮಧೇನು

ಇವತ್ತು ಗೋವಿನ ವಿಷಯ. ಗಾಬರಿಯಾಗಬೇಡಿ, ಇವತ್ತು ಪ್ಯಾನೆಲ್‌ನಲ್ಲಿ ಯಾರೂ ಕೂತಿಲ್ಲ, ಕೂಗಾಟವೂ ಇರಲ್ಲ. ಒಂದು ಕಥೆ, ಒಂದಿಷ್ಟು ಲೆಕ್ಕ, ಕೊನೆಗೊಂದು ಪ್ರಶ್ನೆ. ಅಷ್ಟೇ.

ಕಥೆ ವಾಲ್ಮೀಕಿ ರಾಮಾಯಣದ ಬಾಲಕಾಂಡದ್ದು. ರಾಜ ವಿಶ್ವಾಮಿತ್ರ ಸೈನ್ಯದ ಜೊತೆ ವಸಿಷ್ಠರ ಆಶ್ರಮಕ್ಕೆ ಬರ್ತಾನೆ. ಅಲ್ಲಿದ್ದ ಶಬಲೆ ಎಂಬ ಕಾಮಧೇನು ಇಡೀ ಸೈನ್ಯಕ್ಕೆ ಊಟ ಹಾಕುತ್ತೆ. ರಾಜನಿಗೆ ಆಸೆಯಾಗುತ್ತೆ. ಲಕ್ಷ ಹಸು ಕೊಡ್ತೀನಿ, ಇದೊಂದನ್ನ ಕೊಡಿ ಅಂತಾನೆ. ವಸಿಷ್ಠರು ಒಪ್ಪಲ್ಲ. ಕೊನೆಗೆ ರಾಜ ಬಲವಂತವಾಗಿ ಎಳೆದುಕೊಂಡು ಹೊರಡ್ತಾನೆ. ಆಮೇಲೆ ಯುದ್ಧ ಆಗಿದ್ದು, ವಿಶ್ವಾಮಿತ್ರ ಸೋತು ತಪಸ್ಸಿಗೆ ಹೋಗಿದ್ದು ನಮಗೆಲ್ಲ ನೆನಪಿದೆ. ಆದರೆ ನಡುವೆ ನಡೆದಿದ್ದನ್ನ ನಾವು ಮರೆತಿದ್ದೇವೆ. ಶಬಲೆ ರಾಜಭಟರಿಂದ ಬಿಡಿಸಿಕೊಂಡು ಓಡಿ ಬಂದು, ಅಳುತ್ತಾ ವಸಿಷ್ಠರ ಎದುರು ನಿಲ್ಲುತ್ತೆ. ನನ್ನನ್ನ ಬಿಟ್ಟುಬಿಟ್ಟಿರಾ, ನಾನು ಮಾಡಿದ ತಪ್ಪೇನು ಅಂತ ಕೇಳುತ್ತೆ.

ಯಾರನ್ನ ಕೇಳಿತು ನೋಡಿ. ಎಳೆದುಕೊಂಡು ಹೋದ ರಾಜನನ್ನಲ್ಲ. ದಿನಾ ಪೂಜೆ ಮಾಡಿ, ಸಾಕಿದ ಯಜಮಾನನನ್ನ ಕೇಳಿತು.

ಕಾಳಿದಾಸನ ರಘುವಂಶದಲ್ಲೂ ಹೀಗೇ. ದಿಲೀಪ ಮಹಾರಾಜ ನಂದಿನಿಯನ್ನ ತಾನೇ ಕಾಡಿಗೆ ಹೊಡೆದುಕೊಂಡು ಹೋಗಿ ಮೇಯಿಸ್ತಾನೆ. ಸಿಂಹ ಎದುರಾದಾಗ ಅದರ ಬದಲು ತನ್ನ ದೇಹವನ್ನೇ ಒಡ್ಡುತ್ತಾನೆ. ಈ ಕಥೆಗಳಲ್ಲಿ ಗೋವು ಪವಿತ್ರವೇ ಅನ್ನೋದು ಚರ್ಚೆಯೇ ಅಲ್ಲ. ಅದನ್ನ ಕಟ್ಟಿಕೊಂಡವನು ಎಂಥವನು ಅನ್ನೋದೇ ಪರೀಕ್ಷೆ.

ಈಗ ಆಶ್ರಮದಿಂದ ಹೊಲಕ್ಕೆ ಬರೋಣ. ಕಲಬುರಗಿ ಜಿಲ್ಲೆ, ಆಳಂದ ತಾಲೂಕು, ಭೂಸನೂರ. ಸಕ್ಕರೆ ಕಾರ್ಖಾನೆ ಇರೋ ಊರು. ಸುತ್ತ ಎರೆ ಭೂಮಿ, ತೊಗರಿ, ಕಬ್ಬು. ಈ ಸೀಮೆಯಲ್ಲಿ ಹಸು ಅನ್ನಲ್ಲ, ಆಕಳು ಅಂತಾರೆ. ಎತ್ತಿಗೆ ಬಸವಣ್ಣ ಅಂತ ಕೈಮುಗೀತಾರೆ. ಬೀದರ್, ಕಲಬುರಗಿ, ಆಚೆ ಲಾತೂರಿನ ಕಡೆಯ ದೇವಣಿ ತಳಿ ನೋಡಿ: ಆಕಳು ಹಾಲಿಗಾಯ್ತು, ಹೋರಿ ನೇಗಿಲಿಗಾಯ್ತು. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಮೆರವಣಿಗೆ ಮಾಡ್ತಾರೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅವತ್ತು ಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜೆ. ಇಲ್ಲಿಯ ಭಕ್ತಿ ದುಡಿಮೆಯ ಋಣದಿಂದ ಹುಟ್ಟಿದ್ದು.

ಇನ್ನು ಲೆಕ್ಕ. ಇಂಜಿನಿಯರಿಂಗ್ ಓದಿದವನು ನಾನು, ಅಂಕಿ ನೋಡದೆ ಸಮಾಧಾನ ಇಲ್ಲ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಎತ್ತು, ಹೋರಿ, ಗಂಡುಕರು ಎಲ್ಲ ಸೇರಿ ಸುಮಾರು 6.8 ಕೋಟಿ ಇದ್ದವು. 2019ರ ಗಣತಿಗೆ ಅದು 4.7 ಕೋಟಿಗೆ ಇಳಿಯಿತು. ಅದೇ ಅವಧಿಯಲ್ಲಿ ಆಕಳ ಸಂಖ್ಯೆ 12.3 ಕೋಟಿಯಿಂದ 14.5 ಕೋಟಿಗೆ ಏರಿತು. ಅಂದ್ರೆ ಹಾಲು ಕೊಡೋದು ಉಳೀತು, ನೇಗಿಲು ಎಳೆಯೋದು ಕಮ್ಮಿಯಾಯ್ತು. ಟ್ರ್ಯಾಕ್ಟರ್ ಬಂತು. ರೈತನ ಬೆನ್ನು ಉಳಿಸಿದ ಯಂತ್ರ ಅದು, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕೆಲಸ ಹೋದ ಬಸವಣ್ಣನ ಗತಿ ಏನು?

ಕರ್ನಾಟಕದಲ್ಲಿ 1964ರ ಕಾಯ್ದೆಯಲ್ಲೇ ಗೋಹತ್ಯೆ ನಿಷೇಧ ಇತ್ತು. ಆದರೆ ಹನ್ನೆರಡು ವರ್ಷ ದಾಟಿದ ಎತ್ತಿಗೆ ಪ್ರಮಾಣಪತ್ರದ ದಾರಿ ಇತ್ತು. 2020ರ ಕಾಯ್ದೆ ಆ ದಾರಿಯನ್ನೂ ಮುಚ್ಚಿತು. ಮೂರರಿಂದ ಏಳು ವರ್ಷ ಜೈಲು. ಕಾನೂನು ಸರಿಯೋ ತಪ್ಪೋ, ಆ ವಾದ ಇನ್ನೊಂದು ದಿನಕ್ಕಿರಲಿ. ಕೊಲ್ಲಬಾರದು ಅಂತ ನಾವೆಲ್ಲ ಸೇರಿ ಕಾನೂನು ಮಾಡಿದ ಮೇಲೆ, ಸಾಕುವ ಖರ್ಚು ಒಬ್ಬ ರೈತನ ತಲೆ ಮೇಲೆ ಯಾಕೆ?

2022ರಲ್ಲಿ ರಾಜ್ಯ ಸರ್ಕಾರ ಪುಣ್ಯಕೋಟಿ ದತ್ತು ಯೋಜನೆ ತಂತು. ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ರಾಸು ದತ್ತು ತಗೊಳ್ಳಿ ಅಂತು. ಭಾಗಿಸಿ ನೋಡಿ, ದಿನಕ್ಕೆ ಮೂವತ್ತು ರೂಪಾಯಿ. ಪೇಟೆಯಲ್ಲಿ ಎರಡು ಚಹಾದ ದುಡ್ಡು. ಅದೇ ವರ್ಷ ಚರ್ಮಗಂಟು ರೋಗ ಬಂದಾಗ, ಮೈತುಂಬ ಗಂಟು ಎದ್ದ ರಾಸಿನ ಪಕ್ಕ ರಾತ್ರಿಯಿಡೀ ಕೂತವರು ರೈತರು. ಗೋಮಾತೆ ಅಂತ ಸ್ಟುಡಿಯೋದಲ್ಲಿ ಮೇಜು ಕುಟ್ಟಿದವರಲ್ಲ. ಈ ಮಾತಿನಲ್ಲಿ ನಮ್ಮ ಚಾನೆಲ್‌ಗಳೂ ಬಂದ್ವು.

ಗೋವು ದೇವರು ಅಂತ ನೀವು ನಂಬ್ತೀರಾ? ಬಹಳ ಸಂತೋಷ. ಹಾಗಾದ್ರೆ ಓಟು ಕೇಳೋಕೆ ಬಂದವರನ್ನ ಕೇಳಿ: ನಮ್ಮೂರ ಗೋಮಾಳ ಎಲ್ಲಿ ಹೋಯ್ತು? ದನದ ಡಾಕ್ಟರ್ ಹುದ್ದೆ ಯಾಕೆ ಖಾಲಿ? ಬೇಸಿಗೆಗೆ ಮೇವು ಎಲ್ಲಿಂದ ತರ್ತೀರಿ?

ಇಲ್ಲಾಂದ್ರೆ ಹಾಲು ಬತ್ತಿದ ಆಕಳು, ಹೆಗಲು ಸೋತ ಎತ್ತು ನಮ್ಮ ಮುಂದೆ ಬಂದು ನಿಂತು ಶಬಲೆಯ ಪ್ರಶ್ನೆಯನ್ನೇ ಕೇಳ್ತವೆ. ಏನು ಉತ್ತರ ಕೊಡ್ತೀರಿ, ಯೋಚನೆ ಮಾಡಿ.